ಎಡಗಡೆ ಆಳಿದವರು, ಬಲಗಡೆ ಬದುಕಿದವರು: ವಿಯೆನ್ನಾದಲ್ಲಿ ನಡೆಯುತ್ತಾ ಆಸ್ಟ್ರಿಯಾದ ಚರಿತ್ರೆ ಓದುವ ಬಗೆ

ನಾನು ಕಾರವಾರದವಳು. ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ಪಾಠ ಮಾಡಿ ನಿವೃತ್ತಳಾದೆ. ಮಗಳು ವಿಯೆನ್ನಾದಲ್ಲಿ ಕೆಲಸ ಮಾಡುತ್ತಾಳೆ. ಐದು ವರ್ಷದಿಂದ ಏಪ್ರಿಲ್‌ನಿಂದ ಜೂನ್‌ವರೆಗೆ ಅವಳ ಮನೆಯಲ್ಲಿರುತ್ತೇನೆ. ಬೆಳಿಗ್ಗೆ ಮೊಮ್ಮಗನನ್ನು ಶಾಲೆಗೆ ಬಿಟ್ಟರೆ ಮಧ್ಯಾಹ್ನ ಕರೆತರುವ ತನಕ ನನ್ನ ಸಮಯ ನನ್ನದು. ಹಾಗಾಗಿ ಈ ಊರನ್ನು ಬೀದಿ ಬೀದಿಯಾಗಿ ನಡೆದು ನೋಡಿದ್ದೇನೆ.

"ವಿಯೆನ್ನಾ ಸಮ್ಮೇಳನ, 1815, ಮೆಟರ್ನಿಕ್" ಎಂದು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆದವಳು ನಾನು. ಆದರೂ ಮೊದಲ ಸಲ ಬಂದಾಗ ಒಂದು ಟೂರ್ ಬಸ್ಸು ಹತ್ತಿ ದಿನವಿಡೀ ಅರಮನೆಗಳನ್ನು ನೋಡಿದೆ. ರಾತ್ರಿ ಮಗಳು "ಏನೇನು ನೋಡಿದೆ ಅಮ್ಮಾ" ಎಂದು ಕೇಳಿದಳು. ಹೇಳಲು ಹೋದರೆ ಎಲ್ಲವೂ ಕಲಸಿಹೋಗಿತ್ತು. ಚಿನ್ನದ ಬಣ್ಣ, ಗಾಜಿನ ದೀಪ, ದೊಡ್ಡ ಮಂಚ, ಅಷ್ಟೇ. ಆ ಅರಮನೆಗೆ ಇಟ್ಟಿಗೆ ಹೊತ್ತವರು ಯಾರು, ರೊಟ್ಟಿ ಸುಟ್ಟವರು ಯಾರು ಎಂದು ಯಾರೂ ಹೇಳಲಿಲ್ಲ. ಅವತ್ತು ನನಗೆ ನಿಜಕ್ಕೂ ಬೇಸರವಾಯಿತು. ಆಮೇಲೆ ನಾನೇ ಒಂದು ದಾರಿ ಮಾಡಿಕೊಂಡೆ. ಊರಿನಿಂದ ಬಂದ ನೆಂಟರನ್ನು, ಮಗಳ ಗೆಳತಿಯರನ್ನು ಈಗ ಅದೇ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ. ಎರಡು ದಿನ ಸಾಕು. ಕಾಲಿಗೆ ಒಳ್ಳೆ ಚಪ್ಪಲಿ ಬೇಕು.

ಹೊರಡುವ ಮುಂಚೆ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಪುಟದ ನಡುವೆ ಉದ್ದಕ್ಕೆ ಗೆರೆ ಎಳೆಯಿರಿ. ಎಡಗಡೆ "ಆಳಿದವರು", ಬಲಗಡೆ "ಬದುಕಿದವರು" ಎಂದು ಬರೆಯಿರಿ. ನಿಯಮ ಒಂದೇ. ಎಡಗಡೆ ಒಂದು ಸಾಲು ಬರೆದರೆ ಬಲಗಡೆಯೂ ಒಂದು ಸಾಲು ಬರೆಯದೆ ಮುಂದಿನ ಜಾಗಕ್ಕೆ ಹೋಗಬಾರದು. ಬಲಗಡೆಯ ಸಾಲು ಸುಲಭವಾಗಿ ಸಿಗುವುದಿಲ್ಲ. ಹುಡುಕಬೇಕು. ಆ ಹುಡುಕಾಟದಲ್ಲೇ ಚರಿತ್ರೆ ತಲೆಗೆ ಹತ್ತುತ್ತದೆ.

ಮೊದಲ ಪುಟದಲ್ಲಿ ಒಂಬತ್ತು ಇಸವಿ ಬರೆದುಕೊಳ್ಳಿ: 996, 1278, 1526, 1683, 1740, 1848, 1918, 1938, 1955. ಇವು ಬಟ್ಟೆ ಒಣಗಿಸುವ ಹಗ್ಗದ ಗೂಟಗಳಿದ್ದ ಹಾಗೆ. ಉಳಿದದ್ದನ್ನೆಲ್ಲ ಇವುಗಳ ನಡುವೆ ನೇತುಹಾಕಬಹುದು. ಹೆಚ್ಚಿನವು ದಾರಿಯಲ್ಲಿ ಬರುತ್ತವೆ. ಮೊದಲಿನದನ್ನು ಮಾತ್ರ ಮನೆಯಲ್ಲೇ ಹೇಳಿಬಿಡುತ್ತೇನೆ, ನನಗೆ ಅದು ಬಹಳ ಇಷ್ಟ.

996ರಲ್ಲಿ ಚಕ್ರವರ್ತಿ ಮೂರನೇ ಓಟೋ ಬವೇರಿಯಾದ ಫ್ರೈಸಿಂಗ್ ಎಂಬಲ್ಲಿನ ಬಿಷಪ್ಪರಿಗೆ ಸ್ವಲ್ಪ ಭೂಮಿ ದಾನ ಕೊಟ್ಟ. ಆ ಭೂಮಿ ಇದ್ದದ್ದು ಇಂದಿನ ನೊಯ್‌ಹೋಫೆನ್ ಎಂಬ ಊರಿನಲ್ಲಿ. ಲ್ಯಾಟಿನ್ ಭಾಷೆಯ ಆ ದಾನಪತ್ರದಲ್ಲಿ, ಈ ಸೀಮೆಗೆ ಜನರ ಆಡುಮಾತಿನಲ್ಲಿ "ಒಸ್ಟಾರಿಖಿ" ಎನ್ನುತ್ತಾರೆ ಎಂದು ಬರೆದಿದೆ. ಮೂಡಣ ನಾಡು ಎಂದು ಅರ್ಥ. ಇಂದಿನ ದೇಶದ ಹೆಸರು ಹುಟ್ಟಿದ್ದು ಅದರಿಂದಲೇ. ನಮ್ಮ ಕಡೆಯೂ ಎಷ್ಟೋ ಊರುಗಳ ಹಳೆಯ ಹೆಸರು ಸಿಗುವುದು ದಾನಶಾಸನಗಳಲ್ಲೇ ಅಲ್ವಾ? ಇಲ್ಲಿ ಗಮನಿಸಿ. ಪತ್ರ ಬರೆಸಿದ್ದು ಚಕ್ರವರ್ತಿ, ಆದರೆ ಹೆಸರು ಜನರ ಬಾಯಿಯದು. ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ಎರಡೂ ಕಡೆ ತುಂಬಿದವು.

ಇನ್ನೊಂದು ಎಚ್ಚರಿಕೆ. ಆಸ್ಟ್ರಿಯಾ ಎಂಬ ಹೆಸರು ಒಂದೇ ಆದರೂ ನಕ್ಷೆ ಒಂದೇ ಅಲ್ಲ. ಸಾವಿರ ವರ್ಷದ ಹಿಂದೆ ಅದು ಡ್ಯಾನ್ಯೂಬ್ ನದಿಯ ದಂಡೆಯ ಸಣ್ಣ ಗಡಿಸೀಮೆ. 1914ರಲ್ಲಿ 5 ಕೋಟಿಗಿಂತ ಜಾಸ್ತಿ ಜನರ ಸಾಮ್ರಾಜ್ಯ. 1919ರಲ್ಲಿ 65 ಲಕ್ಷದ ಆಸುಪಾಸಿನ ಜನರ ಪುಟ್ಟ ಗಣರಾಜ್ಯ. ಮೊಜಾರ್ಟ್ 1756ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಹುಟ್ಟಿದಾಗ ಆ ಊರು ಆಸ್ಟ್ರಿಯಾಕ್ಕೆ ಸೇರಿರಲೇ ಇಲ್ಲ. ಅದನ್ನು ಆಳುತ್ತಿದ್ದವರು ಅಲ್ಲಿನ ಆರ್ಚ್‌ಬಿಷಪ್. ಹಾಗಾಗಿ ಯಾವುದೇ ಜಾಗದಲ್ಲಿ ನಿಂತಾಗ "ಆಗ ಆಸ್ಟ್ರಿಯಾ ಎಂದರೆ ಎಷ್ಟು?" ಎಂದು ಮೊದಲು ಕೇಳಿಕೊಳ್ಳಿ.

ಮೊದಲ ದಿನ: ಹಳೆಯ ಪೇಟೆ

ಬೆಳಿಗ್ಗೆ ಎಂಟಕ್ಕೆ ಸ್ಟೆಫಾನ್ಸ್‌ಡೋಮ್ ಎಂಬ ದೊಡ್ಡ ಚರ್ಚಿನ ಮುಂದೆ ನಿಲ್ಲಿ. ಎಲ್ಲರೂ ತಲೆ ಎತ್ತಿ 136 ಮೀಟರ್ ಎತ್ತರದ ಗೋಪುರ ನೋಡುತ್ತಾರೆ. ನೀವು ಮೊದಲು ಮುಖ್ಯ ಬಾಗಿಲಿನ ಅಕ್ಕಪಕ್ಕ ನೋಡಿ. ಎಡಗಡೆ ಗೋಡೆಯಲ್ಲಿ ಎರಡು ಕಬ್ಬಿಣದ ಕೋಲು ಹೂತಿವೆ, ಒಂದು ಗಿಡ್ಡ, ಒಂದು ಉದ್ದ. ಇವು ಬಟ್ಟೆ ಅಳೆಯುವ ಮೊಳದ ಕೋಲುಗಳು. ಅಂಗಡಿಯವನು ಕಡಿಮೆ ಅಳೆದು ಕೊಟ್ಟನೆಂಬ ಅನುಮಾನ ಬಂದರೆ ಕೊಂಡವರು ಇಲ್ಲಿಗೆ ಬಂದು ಹಿಡಿದು ನೋಡಬಹುದಿತ್ತು. ನಾನು ನೆಂಟರನ್ನು ಕರೆತಂದಾಗ ಅವರ ಶಾಲಿನ ಅಂಚನ್ನು ಆ ಕೋಲಿಗೆ ಹಿಡಿಸುತ್ತೇನೆ. ಒಮ್ಮೆ ಹಾಗೆ ಅಳೆದವರು ಈ ಬಾಗಿಲನ್ನು ಮರೆಯುವುದಿಲ್ಲ.

ಈಗ ಬಾಗಿಲಿನ ಬಲಗಡೆ ಬನ್ನಿ. ಕಲ್ಲಿನಲ್ಲಿ "ಓ" ಅಕ್ಷರ, ಪಕ್ಕದಲ್ಲಿ 5 ಎಂದು ಕೆತ್ತಿದೆ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡ ಮೇಲೆ ಅವನನ್ನು ವಿರೋಧಿಸಿದವರ ಗುಟ್ಟಿನ ಗುರುತು ಅದು. ರೋಮನ್ ಅಕ್ಷರಮಾಲೆಯಲ್ಲಿ ಐದನೆಯದು "ಇ". ಓ ಮತ್ತು ಇ ಸೇರಿದರೆ ಜರ್ಮನ್ ಭಾಷೆಯಲ್ಲಿ ಆಸ್ಟ್ರಿಯಾದ ಹೆಸರು ಶುರುವಾಗುತ್ತದೆ. ದೇಶದ ಹೆಸರನ್ನೇ ನಕ್ಷೆಯಿಂದ ಅಳಿಸಿದ್ದ ಹೊತ್ತಿನಲ್ಲಿ ಯಾರೋ ಅದನ್ನು ಹೀಗೆ ಉಳಿಸಿಕೊಂಡಿದ್ದರು.

ಒಳಗೆ ಹೋದ ಮೇಲೆ ಎಡಗಡೆಯ ಕಾಲಂಗೆ ಮೂವರನ್ನು ಬರೆಯಿರಿ. ಮೂವರೂ ಆಸ್ಟ್ರಿಯಾವನ್ನು ಆಳಿದ ಹ್ಯಾಬ್ಸ್‌ಬರ್ಗ್ ಮನೆತನದವರು. ಮೊದಲನೆಯವನು ನಾಲ್ಕನೇ ರುಡಾಲ್ಫ್. 1359ರಲ್ಲಿ ಈ ಚರ್ಚಿನ ಹೊಸ ಭಾಗಕ್ಕೆ ಅಡಿಗಲ್ಲು ಹಾಕಿದ, 1365ರಲ್ಲಿ ವಿಶ್ವವಿದ್ಯಾಲಯ ಶುರು ಮಾಡಿದ. ತನ್ನ ಮನೆತನದ ಗೌರವ ಹೆಚ್ಚಿಸಲು ಹಳೆಯ ಕಾಲದ ಪತ್ರ ಎಂದು ಸುಳ್ಳು ದಾಖಲೆಗಳನ್ನೂ ಬರೆಸಿದ. ಎರಡನೆಯವನು ಮೂರನೇ ಫ್ರೆಡರಿಕ್. ಅವನ ಕೆಂಪು ಕಲ್ಲಿನ ದೊಡ್ಡ ಸಮಾಧಿ ಇಲ್ಲಿದೆ. ಮೂರನೆಯವನು ಅವನ ಮಗ ಮ್ಯಾಕ್ಸಿಮಿಲಿಯನ್.

ಮ್ಯಾಕ್ಸಿಮಿಲಿಯನ್ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಹ್ಯಾಬ್ಸ್‌ಬರ್ಗ್ ಮನೆತನ ಯುದ್ಧಕ್ಕಿಂತ ಜಾಸ್ತಿ ಮದುವೆಯಿಂದ ಬೆಳೆಯಿತು ಎಂಬ ಮಾತು ಕೇಳಿರುತ್ತೀರಿ. ಅದರ ದೊಡ್ಡ ಉದಾಹರಣೆ ಇದೇ ಚರ್ಚಿನಲ್ಲಿ 1515ರ ಜುಲೈನಲ್ಲಿ ನಡೆಯಿತು. ಒಂದೇ ದಿನ ಎರಡು ಮದುವೆ. ಹಂಗೇರಿಯ ರಾಜಕುಮಾರ ಲೂಯಿಗೆ ಮ್ಯಾಕ್ಸಿಮಿಲಿಯನ್‌ನ ಮೊಮ್ಮಗಳು ಮರಿಯಾ. ಇಬ್ಬರಿಗೂ ಹತ್ತು ವರ್ಷ ತುಂಬಿರಲಿಲ್ಲ. ಲೂಯಿಯ ಅಕ್ಕ, ಇನ್ನೇನು 12 ತುಂಬಲಿದ್ದ ಅನ್ನಾಳಿಗೆ ಗಂಡಾಗುವ ಮೊಮ್ಮಗ ಊರಿನಲ್ಲಿರಲಿಲ್ಲ. ಅವನ ಪರವಾಗಿ 56 ವರ್ಷದ ಅಜ್ಜ ಮ್ಯಾಕ್ಸಿಮಿಲಿಯನ್ನೇ ವರನ ಜಾಗದಲ್ಲಿ ನಿಂತ. 1526ರಲ್ಲಿ ಲೂಯಿ ಮೊಹಾಚ್ ಯುದ್ಧದಲ್ಲಿ ತುರ್ಕರ ಎದುರು ಸತ್ತ. ಅವನಿಗೆ ಮಕ್ಕಳಿರಲಿಲ್ಲ. ಅನ್ನಾಳ ಗಂಡ ಫರ್ಡಿನಾಂಡ್ ಬೊಹೆಮಿಯಾ (ಪ್ರಾಗ್ ಸುತ್ತಲಿನ ಇಂದಿನ ಚೆಕ್ ನಾಡು) ಮತ್ತು ಹಂಗೇರಿಗಳ ರಾಜನಾದ. ಹಂಗೇರಿಯ ಬಹುಪಾಲು ತುರ್ಕರ ಕೈಗೆ ಹೋಯಿತು ನಿಜ. ಆದರೆ ವಿಯೆನ್ನಾ, ಪ್ರಾಗ್, ಹಂಗೇರಿ ಒಂದೇ ಮನೆತನದ ಕೆಳಗೆ ಬಂದದ್ದು ಹೀಗೆ. ಬಲಗಡೆ ಏನು ಬರೆಯಬೇಕು? ನಾನು ಬರೆದದ್ದು "ಅನ್ನಾ, 12 ವರ್ಷ". ಅವಳು ರಾಜಕುಮಾರಿಯೇ. ಆದರೂ ಅವಳನ್ನು ನನಗೆ ಬಲಗಡೆಯೇ ಇಡಬೇಕೆನಿಸಿತು.

ಹೊರಗೆ ಬರುವ ಮುಂಚೆ ಮೇಲಿನ ದೊಡ್ಡ ಗಂಟೆಯ ಕತೆ ಕೇಳಿ. ಹೆಸರು ಪುಮ್ಮೆರಿನ್. 1683ರಲ್ಲಿ ಎರಡನೆಯ ಸಲ ವಿಯೆನ್ನಾಕ್ಕೆ ಮುತ್ತಿಗೆ ಹಾಕಿದ ತುರ್ಕರು ಸೋತು ಬಿಟ್ಟುಹೋದ ತೋಪುಗಳನ್ನು ಕರಗಿಸಿ 1711ರಲ್ಲಿ ಎರಕ ಹೊಯ್ದದ್ದು. 1945ರ ಏಪ್ರಿಲ್‌ನಲ್ಲಿ ಚರ್ಚಿನ ಮಾಡಿಗೆ ಬೆಂಕಿ ಬಿದ್ದು, ಗಂಟೆ ಕೆಳಗೆ ಬಿದ್ದು ಒಡೆಯಿತು. ಯುದ್ಧ ಮುಗಿದಾಗ ಊಟಕ್ಕೇ ಕಷ್ಟವಿದ್ದ ದೇಶ ಅದು. ಆದರೂ ಒಂಬತ್ತು ರಾಜ್ಯಗಳು ಒಂದೊಂದು ಪಾಲು ಹಂಚಿಕೊಂಡವು. ಟಿರೋಲ್ ಕಿಟಕಿಗಳನ್ನು ಕೊಟ್ಟಿತು. ಫೋರಾರ್ಲ್‌ಬರ್ಗ್ ಕೂರುವ ಬೆಂಚುಗಳನ್ನು, ಕರಿಂಥಿಯಾ ತೂಗುದೀಪಗಳನ್ನು ಕೊಟ್ಟಿತು. ಮೇಲಿನ ಆಸ್ಟ್ರಿಯಾದವರು ಗಂಟೆಯ ಚೂರುಗಳನ್ನೇ ಕರಗಿಸಿ 20 ಟನ್ ತೂಕದ ಹೊಸ ಗಂಟೆ ಮಾಡಿಸಿಕೊಟ್ಟರು. 1952ರಲ್ಲಿ ಅದು ವಿಯೆನ್ನಾಕ್ಕೆ ಬಂತು. ಹೊಸ ವರ್ಷದ ನಡುರಾತ್ರಿ ಇಡೀ ದೇಶ ರೇಡಿಯೋದಲ್ಲಿ ಕೇಳುವುದು ಇದೇ ಗಂಟೆಯನ್ನು.

ಇಲ್ಲಿಂದ ಗ್ರಾಬೆನ್ ಬೀದಿಗೆ ಎರಡು ನಿಮಿಷ. ಆ ಹೆಸರಿಗೆ ಕಂದಕ ಎಂದೇ ಅರ್ಥ. ರೋಮನ್ನರ ವಿಂಡೋಬೋನಾ ಎಂಬ ಸೈನ್ಯದ ಪಾಳೆಯಕ್ಕೆ ಇದ್ದ ಕಂದಕದ ಜಾಗ ಇದು. ಪಕ್ಕದ ನಾಗ್ಲರ್‌ಗಾಸ್ಸೆ ಎಂಬ ಓಣಿಯ ತುದಿ ದುಂಡಗೆ ತಿರುಗುತ್ತದೆ. ಪಾಳೆಯದ ಗೋಡೆಯ ಮೂಲೆ ಹಾಗಿತ್ತು, ಮನೆಗಳೂ ಹಾಗೇ ನಿಂತವು. ಗ್ರಾಬೆನ್ ನಡುವಿನ ಬಿಳಿ ಕಂಬ 1679ರ ಪ್ಲೇಗಿನ ನೆನಪಿನದು. ಚಕ್ರವರ್ತಿ ಮೊದಲನೇ ಲಿಯೋಪೋಲ್ಡ್ ಊರು ಬಿಟ್ಟು ಹೋಗಿ, ಪಿಡುಗು ನಿಂತರೆ ಕಂಬ ನಿಲ್ಲಿಸುತ್ತೇನೆ ಎಂದು ಹರಕೆ ಹೊತ್ತ. ಕಂಬದ ಮೇಲೆ ಅವನು ಮೊಣಕಾಲೂರಿ ಕುಳಿತಿದ್ದಾನೆ. ಮುಂದೆ ಚಾಚಿದ ಗಲ್ಲ ನೋಡಿ, ಅದು ಆ ಮನೆತನದ ಗುರುತು. ಬಲಗಡೆಗೆ ಅಗುಸ್ಟಿನ್ ಎಂಬ ಬೀದಿ ಹಾಡುಗಾರನ ಕತೆ ಬರೆಯಿರಿ. ಕುಡಿದು ಮಲಗಿದ್ದವನನ್ನು ಹೆಣವೆಂದು ಪ್ಲೇಗಿನ ಗುಂಡಿಗೆ ಎಸೆದರಂತೆ. ಬೆಳಿಗ್ಗೆ ಎದ್ದು ಹಾಡುತ್ತಾ ಹೊರಬಂದನಂತೆ. ಇದು ಜನ ಕಟ್ಟಿದ ಕತೆ. ಊರು ಬಿಟ್ಟು ಹೋಗಲು ಜಾಗವಿಲ್ಲದವರು ಕಟ್ಟಿಕೊಂಡದ್ದು.

ಆಮೇಲೆ ಆಮ್ ಹೋಫ್ ಎಂಬ ಚೌಕ. ಹ್ಯಾಬ್ಸ್‌ಬರ್ಗರಿಗಿಂತ ಮುಂಚೆ 976ರಿಂದ 1246ರವರೆಗೆ ಈ ನಾಡನ್ನು ಆಳಿದವರು ಬಾಬೆನ್‌ಬರ್ಗ್ ಮನೆತನದವರು. 1156ರಲ್ಲಿ ಆಸ್ಟ್ರಿಯಾ ಡ್ಯೂಕರ ನಾಡಾಯಿತು. ಡ್ಯೂಕ್ ಎರಡನೇ ಹೈನ್ರಿಖ್ ಇಲ್ಲೇ ಮನೆ ಮಾಡಿದ. ಅವನ ಮಗ ಐದನೇ ಲಿಯೋಪೋಲ್ಡ್ 1192ರಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು ವಿಯೆನ್ನಾದ ಹತ್ತಿರ ಹಿಡಿದು ಡ್ಯುರ್ನ್‌ಶ್ಟೈನ್ ಕೋಟೆಯಲ್ಲಿ ಇಟ್ಟ. ಬಿಡಿಸಿಕೊಳ್ಳಲು ಬಂದ ಬೆಳ್ಳಿಯಲ್ಲಿ ಊರಿನ ಗೋಡೆ ಬೆಳೆಯಿತು. 1246ರಲ್ಲಿ ಕೊನೆಯ ಬಾಬೆನ್‌ಬರ್ಗ್ ಡ್ಯೂಕ್ ಯುದ್ಧದಲ್ಲಿ ಸತ್ತ. ಬೊಹೆಮಿಯಾದ ಓಟೋಕರ್ ನಾಡನ್ನು ತೆಗೆದುಕೊಂಡ. 1278ರಲ್ಲಿ ಮಾರ್ಷ್‌ಫೆಲ್ಡ್ ಬಯಲಿನಲ್ಲಿ ಹ್ಯಾಬ್ಸ್‌ಬರ್ಗಿನ ರುಡಾಲ್ಫ್ ಅವನನ್ನು ಸೋಲಿಸಿದ. ರುಡಾಲ್ಫ್‌ನ ಮನೆತನದ ಕೋಟೆ ಇರುವುದು ಇಂದಿನ ಸ್ವಿಟ್ಜರ್‌ಲ್ಯಾಂಡಿನಲ್ಲಿ. ಅಲ್ಲಿಂದ 1918ರವರೆಗೆ, 640 ವರ್ಷ, ಈ ಹೊರಗಿನವರೇ ಒಡೆಯರು.

ಹೊರಗಿನವರು ಎಂದೆನಲ್ಲ, ಜನರೂ ಬೇರೆ ಬೇರೆ ಕಡೆಯಿಂದ ಬಂದವರೇ. ಕೆಲ್ಟರು, ರೋಮನ್ನರು, ಸ್ಲಾವರು, ಬವೇರಿಯಾದ ರೈತರು ಒಬ್ಬರಾದ ಮೇಲೆ ಒಬ್ಬರು ನೆಲೆಸಿದರು. ಗ್ರಾಟ್ಸ್ ಎಂಬ ದೊಡ್ಡ ಊರಿನ ಹೆಸರು ಸ್ಲಾವ್ ಮಾತಿನದು, ಸಣ್ಣ ಕೋಟೆ ಎಂದು ಅರ್ಥ. ಆಸ್ಟ್ರಿಯಾದವರು ಒಂದೇ ಬೇರಿನ ಜನ ಎಂದು ಯಾರಾದರೂ ಹೇಳಿದರೆ ಊರುಗಳ ಹೆಸರು ಓದಲು ಹೇಳಿ.

ಯೂಡೆನ್‌ಪ್ಲಾಟ್ಸ್ ಎಂಬ ಯಹೂದಿ ಚೌಕಕ್ಕೆ ಹೋದಾಗ ಮಾತು ನಿಲ್ಲಿಸಿ. ಅಲ್ಲಿ ಕಾಂಕ್ರೀಟಿನ ಒಂದು ಕೋಣೆಯಿದೆ. ಶಿಲ್ಪಿ ರೇಚಲ್ ವೈಟ್‌ರೀಡ್ ಅವರ ಕೆಲಸ, 2000ನೇ ಇಸವಿಯದು. ಗೋಡೆಯೆಲ್ಲ ಪುಸ್ತಕಗಳ ಸಾಲು, ಆದರೆ ಬೆನ್ನು ಒಳಗೆ, ಹಾಳೆಗಳ ಅಂಚು ಹೊರಗೆ. ಯಾವ ಪುಸ್ತಕ ಎಂದು ಓದಲಾಗುವುದಿಲ್ಲ. ಬಾಗಿಲಿಗೆ ಹಿಡಿಯಿಲ್ಲ. ಹಿಟ್ಲರನ ಕಾಲದಲ್ಲಿ ಕೊಲೆಯಾದ ಸುಮಾರು 65,000 ಆಸ್ಟ್ರಿಯನ್ ಯಹೂದಿಗಳ ನೆನಪಿಗೆ ಇದು. ಅದರ ಕೆಳಗೆ ನೆಲದಲ್ಲಿ ಇನ್ನೂ ಹಳೆಯ ಪ್ರಾರ್ಥನಾ ಮಂದಿರದ ತಳಪಾಯವಿದೆ. ಅದನ್ನು 1421ರಲ್ಲಿ ಕೆಡವಿ, ಯಹೂದಿಗಳನ್ನು ಕೊಂದು ಓಡಿಸಿದ್ದರು. ಚೌಕದ ಒಂದು ಹಳೆಯ ಮನೆಯ ಮೇಲೆ ಆ ಕೊಲೆಯನ್ನು ಹೊಗಳುವ ಲ್ಯಾಟಿನ್ ಬರಹ ಈಗಲೂ ಇದೆ. ಅದನ್ನು ಕಿತ್ತುಹಾಕಿಲ್ಲ. ಬದಲಿಗೆ ಇನ್ನೊಂದು ಮನೆಯ ಗೋಡೆಗೆ 1998ರಲ್ಲಿ ಚರ್ಚಿನವರು ತಮ್ಮ ತಪ್ಪೊಪ್ಪಿಗೆಯ ಫಲಕ ಹಾಕಿದರು. ಎರಡನ್ನೂ ಹುಡುಕಿ ನೋಡಿ. ನೋಟ್‌ಬುಕ್ಕಿನಲ್ಲಿ ಮೂರು ಇಸವಿ ಒಂದರ ಕೆಳಗೊಂದು ಬರೆಯಿರಿ: 1421, 1670, 1938. ಪ್ಲೇಗಿನ ಕಂಬದ ಮೇಲೆ ಕೈ ಮುಗಿದು ಕುಳಿತ ಅದೇ ಲಿಯೋಪೋಲ್ಡ್ 1670ರಲ್ಲಿ ಯಹೂದಿಗಳನ್ನು ಊರಿನಿಂದ ಹೊರಹಾಕಿದ. ಅವರ ಕೇರಿಗೆ ಅವನದೇ ಹೆಸರಿಟ್ಟರು, ಲಿಯೋಪೋಲ್ಡ್‌ಶ್ಟಾಟ್.

ಇಷ್ಟರಲ್ಲಿ ಕಾಲು ನೋಯುತ್ತದೆ. ಒಂದು ಕಾಫಿ ಮನೆಗೆ ಹೋಗಿ ಕುಳಿತುಕೊಳ್ಳಿ. ತುರ್ಕರು ಬಿಟ್ಟುಹೋದ ಮೂಟೆಗಳಿಂದ ಕಾಫಿ ಶುರುವಾಯಿತು ಎಂಬ ಕತೆ ಹೇಳುತ್ತಾರೆ. ದಾಖಲೆಯಲ್ಲಿ ಸಿಗುವುದು ಬೇರೆ. 1685ರಲ್ಲಿ ಕಾಫಿ ಮಾರುವ ಪರವಾನಗಿ ಪಡೆದವನು ಯೊಹಾನ್ನೆಸ್ ಡಿಯೋಡಾಟೋ ಎಂಬ ಅರ್ಮೇನಿಯನ್ ವ್ಯಾಪಾರಿ. "ಮೆಲಾಂಜ್" ಎಂದು ಕೇಳಿದರೆ ಹಾಲು ನೊರೆಯ ಕಾಫಿ ಬರುತ್ತದೆ, ಜೊತೆಗೆ ಒಂದು ಲೋಟ ನೀರು. ಆ ನೀರನ್ನು ಗಮನಿಸಿ ಕುಡಿಯಿರಿ. 1873ರವರೆಗೆ ಈ ಊರಿನ ಜನ ಕೆಟ್ಟ ನೀರು ಕುಡಿದು ಟೈಫಾಯ್ಡು, ಕಾಲರಾದಿಂದ ಸಾಯುತ್ತಿದ್ದರು. ಎಡುವರ್ಡ್ ಸ್ಯೂಸ್ ಎಂಬ ಭೂವಿಜ್ಞಾನಿ ನಗರಸಭೆಯಲ್ಲಿ ಹಟ ಹಿಡಿದು, ಆಲ್ಪ್ಸ್ ಬೆಟ್ಟದ ಊಟೆಗಳಿಂದ ಸುಮಾರು 95 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ನೀರು ತರಿಸಿದರು. ನಮ್ಮ ದಕ್ಷಿಣ ಭಾರತವೂ ಸೇರಿದ್ದ ಹಳೆಯ ಭೂಖಂಡಕ್ಕೆ ಗೊಂಡ್ವಾನಾಲ್ಯಾಂಡ್ ಎಂದು ಕರೆದವರೂ ಇವರೇ. ನಾನು ಎಷ್ಟೋ ವರ್ಷ ಆ ಹೆಸರನ್ನು ಪಾಠ ಮಾಡಿದ್ದೆ. ಅವರು ತಂದ ನೀರನ್ನು ಕುಡಿಯುತ್ತೇನೆ ಎಂದುಕೊಂಡಿರಲಿಲ್ಲ. ಬೀದಿ ನಲ್ಲಿಯಲ್ಲೂ ಅದೇ ನೀರು. ಖಾಲಿ ಬಾಟಲಿ ಜೊತೆಗಿರಲಿ.

ಮೊದಲ ದಿನದ ಕೊನೆಗೆ ನೊಯೆರ್ ಮಾರ್ಕ್ಟ್ ಚೌಕದ ಕಪುಚಿನ್ ಚರ್ಚಿನ ನೆಲಮಾಳಿಗೆ. ಹ್ಯಾಬ್ಸ್‌ಬರ್ಗರ ಶವಪೆಟ್ಟಿಗೆಗಳು ಸಾಲಾಗಿ ಇರುವ ಜಾಗ. ಹೃದಯವನ್ನು ಬೇರೆ ಚರ್ಚಿನಲ್ಲಿ, ಕರುಳನ್ನು ಸ್ಟೆಫಾನ್ಸ್‌ಡೋಮ್‌ನಲ್ಲಿ ಇಡುವ ಪದ್ಧತಿಯಿತ್ತು. ರಾಣಿ ಮರಿಯಾ ತೆರೇಸಾ ಮತ್ತು ಗಂಡ ಫ್ರಾನ್ಸ್ ಅವರ ಪೆಟ್ಟಿಗೆ ಒಂದು ಕೋಣೆಯಷ್ಟು ದೊಡ್ಡದು. ಮೇಲೆ ಇಬ್ಬರೂ ನಿದ್ದೆಯಿಂದ ಎದ್ದು ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಅದರ ಮುಂದೆಯೇ ಮಗ ಎರಡನೇ ಯೋಸೆಫ್‌ನ ಪೆಟ್ಟಿಗೆ, ಏನೂ ಅಲಂಕಾರವಿಲ್ಲದ ತಾಮ್ರದ್ದು. ಇವರಿಬ್ಬರನ್ನು ಇಲ್ಲೇ ಹೋಲಿಸಿ. ನಾಳೆ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಪೆಟ್ಟಿಗೆ ಬಿಡಬೇಡಿ. ಕೌಂಟೆಸ್ ಫುಕ್ಸ್ ಎಂಬಾಕೆಯದು. ರಾಜಮನೆತನಕ್ಕೆ ಸೇರದಿದ್ದರೂ ಇಲ್ಲಿ ಜಾಗ ಪಡೆದವರು ಅವರೊಬ್ಬರೇ. ಮರಿಯಾ ತೆರೇಸಾಳನ್ನು ಚಿಕ್ಕಂದಿನಿಂದ ಸಾಕಿ ಕಲಿಸಿದವರು. ಕಲಿಸಿದವರನ್ನು ನೆನಪಿಟ್ಟುಕೊಂಡ ಶಿಷ್ಯೆ. ಅಲ್ಲಿ ನಿಂತಾಗ ನನ್ನ ಕಣ್ಣು ತುಂಬಿತ್ತು.

ಎರಡನೆಯ ದಿನ: ರಿಂಗ್ ರಸ್ತೆ ಮತ್ತು ಅದರಾಚೆ

ಪ್ರಕೃತಿ ಚರಿತ್ರೆಯ ಮ್ಯೂಸಿಯಂ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಮಂಗಳವಾರ ಸಾಮಾನ್ಯವಾಗಿ ರಜೆ. ಮೊದಲು ನೋಡಬೇಕಾದದ್ದು 11 ಸೆಂಟಿಮೀಟರ್ ಎತ್ತರದ ಸುಣ್ಣಕಲ್ಲಿನ ಹೆಂಗಸಿನ ಗೊಂಬೆ. 1908ರಲ್ಲಿ ಡ್ಯಾನ್ಯೂಬ್ ದಂಡೆಯ ವಿಲ್ಲೆನ್‌ಡೋರ್ಫ್‌ನಲ್ಲಿ ಸಿಕ್ಕಿತು. ಸುಮಾರು 30,000 ವರ್ಷ ಹಳೆಯದು. ಆಮೇಲೆ ಹಾಲ್‌ಶ್ಟಾಟ್ ಉಪ್ಪಿನ ಗಣಿಯ ವಸ್ತುಗಳು. ಉಪ್ಪಿನಲ್ಲಿ ಹೂತಿದ್ದರಿಂದ ಚರ್ಮದ ಬೆನ್ನುಚೀಲ, ಬಟ್ಟೆಯ ತುಂಡು ಕೂಡ ಹಾಳಾಗದೆ ಉಳಿದಿವೆ. ಯಾವ ರಾಜನ ಹೆಸರೂ ಇಲ್ಲದ ಕಾಲ ಅದು. ಈ ಪುಟದಲ್ಲಿ ಬಲಗಡೆ ಮಾತ್ರ ತುಂಬುತ್ತದೆ.

ಮ್ಯೂಸಿಯಂ ಮುಂದೆಯೇ ಮರಿಯಾ ತೆರೇಸಾಳ ದೊಡ್ಡ ಪ್ರತಿಮೆ. 1740ರಲ್ಲಿ ತಂದೆ ತೀರಿಕೊಂಡಾಗ ಅವಳಿಗೆ 23 ವರ್ಷ. ಹೆಣ್ಣು ಆಳಬಾರದು ಎಂದು ಸುತ್ತಲಿನ ರಾಜರು ಮೇಲೆ ಬಿದ್ದರು. ಸಿಲೇಸಿಯಾ ಪ್ರಾಂತ್ಯ ಕೈತಪ್ಪಿತು, ಉಳಿದದ್ದನ್ನು ಉಳಿಸಿಕೊಂಡಳು. 16 ಮಕ್ಕಳನ್ನು ಹೆತ್ತಳು. 1774ರಲ್ಲಿ 6ರಿಂದ 12 ವರ್ಷದ ಎಲ್ಲ ಗಂಡು, ಹೆಣ್ಣು ಮಕ್ಕಳೂ ಶಾಲೆಗೆ ಹೋಗಬೇಕು ಎಂದು ಕಾನೂನು ಮಾಡಿದಳು. ಶಾಲೆಯಲ್ಲಿ ಬದುಕು ಕಳೆದ ನನಗೆ ಇದು ಯಾವ ಗೆಲುವಿಗಿಂತಲೂ ದೊಡ್ಡದು. ಆದರೆ ಅದೇ ಕೈ 1744ರಲ್ಲಿ ಪ್ರಾಗ್‌ನ ಯಹೂದಿಗಳನ್ನು ಹೊರಹಾಕುವ ಆಜ್ಞೆಗೂ ಸಹಿ ಹಾಕಿತ್ತು. ಎರಡನ್ನೂ ಬರೆಯಿರಿ, ಒಂದನ್ನು ಬಿಡಬೇಡಿ. ಮಗ ಯೋಸೆಫ್ 1781ರಲ್ಲಿ ಜೀತದಂಥ ರೈತರ ಕಟ್ಟುಗಳನ್ನು ಸಡಿಲಿಸಿದ, ಬೇರೆ ಧರ್ಮದವರಿಗೆ ಪೂಜೆಯ ಅವಕಾಶ ಕೊಟ್ಟ. 1784ರಲ್ಲಿ ದೊಡ್ಡ ಆಸ್ಪತ್ರೆ ತೆರೆದ. ಅದೇ ವರ್ಷ ದ್ರಾಕ್ಷಿ ಬೆಳೆಯುವ ರೈತರು ತಮ್ಮ ವೈನನ್ನು ತಾವೇ ಮಾರಬಹುದು ಎಂದ. ಊರಂಚಿನ ಹೊಯ್ರಿಗರ್ ಎಂಬ ವೈನ್ ಅಂಗಳಗಳು ಇವತ್ತಿಗೂ ಆ ಅಪ್ಪಣೆಯ ಮೇಲೆಯೇ ನಿಂತಿವೆ.

ಕಾರವಾರ, ಮಂಗಳೂರಿನ ಓದುಗರಿಗೆ ಇಲ್ಲಿ ಒಂದು ಮಾತು. ಇದೇ ಮರಿಯಾ ತೆರೇಸಾಳಿಂದ ಸನ್ನದು ಪಡೆದು ವಿಲಿಯಂ ಬೋಲ್ಟ್ಸ್ ಎಂಬ ವ್ಯಾಪಾರಿ 1776ರಲ್ಲಿ "ಯೋಸೆಫ್ ಉಂಡ್ ತೆರೇಸಿಯಾ" ಎಂಬ ಹಡಗಿನಲ್ಲಿ ಭಾರತಕ್ಕೆ ಹೊರಟ. ಹೈದರ್ ಅಲಿಯ ಒಪ್ಪಿಗೆ ಪಡೆದು ಮಂಗಳೂರು, ಕಾರವಾರಗಳಲ್ಲಿ ಆಸ್ಟ್ರಿಯಾದ ವ್ಯಾಪಾರದ ಕೋಠಿ ತೆರೆದ. ಹೆಚ್ಚು ಕಾಲ ಬಾಳಲಿಲ್ಲ, 1785ರ ಹೊತ್ತಿಗೆ ಕಂಪನಿ ದಿವಾಳಿಯಾಯಿತು. ನಾನು ಹುಟ್ಟಿ ಬೆಳೆದ ಬಂದರಿಗೆ ಈ ಊರಿನ ಬಾವುಟ ಬಂದಿತ್ತು ಎಂದು ತಿಳಿದದ್ದು ನಿವೃತ್ತಿಯಾದ ಮೇಲೆ.

ರಸ್ತೆ ದಾಟಿದರೆ ಹೆಲ್ಡೆನ್‌ಪ್ಲಾಟ್ಸ್. 1938ರ ಮಾರ್ಚ್ 15ರಂದು ಹಿಟ್ಲರ್ ಮುಂದೆ ಸುಮಾರು ಎರಡು ಲಕ್ಷ ಜನ ಇಲ್ಲಿ ಸೇರಿ ಜೈಕಾರ ಹಾಕಿದರು. ಅವನೂ ಆಸ್ಟ್ರಿಯಾದ ಬ್ರೌನಾವ್ ಊರಿನಲ್ಲಿ ಹುಟ್ಟಿದವನೇ. ಇಲ್ಲಿ ನನ್ನ ಎರಡು ಕಾಲಂ ಪದ್ಧತಿಗೆ ಕಷ್ಟ ಬರುತ್ತದೆ. ಆ ಎರಡು ಲಕ್ಷ ಜನರೂ "ಬದುಕಿದವರು". ಬಲಗಡೆಗೇ ಬರೆಯಬೇಕು. ಯುದ್ಧದ ನಂತರ ಬಹಳ ಕಾಲ "ನಾವು ಹಿಟ್ಲರನ ಮೊದಲ ಬಲಿ" ಎಂದೇ ದೇಶ ಹೇಳಿಕೊಂಡಿತು. 1991ರಲ್ಲಿ ಪ್ರಧಾನಿ ಫ್ರಾನ್ಸ್ ವ್ರಾನಿಟ್ಸ್‌ಕಿ ಸಂಸತ್ತಿನಲ್ಲಿ ಆಸ್ಟ್ರಿಯನ್ನರ ಪಾಲಿನ ಹೊಣೆಯನ್ನು ಒಪ್ಪಿಕೊಂಡರು. ಜನರೆಂದರೆ ಯಾವಾಗಲೂ ನೊಂದವರೇ ಎಂದುಕೊಂಡು ಬಲಗಡೆ ಬರೆಯುತ್ತಿದ್ದರೆ, ಇಲ್ಲಿ ನಿಲ್ಲಿಸಿ.

ಈಗ "ಡಿ" ಟ್ರಾಮ್ ಹತ್ತಿ ಬೆಲ್ವೆಡೆರ್ ಅರಮನೆಗೆ ಹೋಗಿ. ಕಟ್ಟಿಸಿದವನು ಸವೋಯ್‌ನ ಯೂಜೀನ್, ಫ್ರಾನ್ಸಿನ ರಾಜ ಸೈನ್ಯಕ್ಕೆ ಸೇರಿಸಿಕೊಳ್ಳದೆ ಕಳಿಸಿದವನು. ಇಲ್ಲಿಗೆ ಬಂದು ತುರ್ಕರ ಮೇಲೆ ಗೆದ್ದು ದೊಡ್ಡ ಸೇನಾಪತಿಯಾದ. ನಮಗೆ ಬೇಕಾದದ್ದು ಮಹಡಿಯ ಅಮೃತಶಿಲೆಯ ಕೋಣೆ. 1945ರಿಂದ ಹತ್ತು ವರ್ಷ ನಾಲ್ಕು ದೇಶಗಳ ಸೈನ್ಯ ಆಸ್ಟ್ರಿಯಾವನ್ನು ಹಂಚಿಕೊಂಡಿತ್ತು. ಒಂದೇ ಜೀಪಿನಲ್ಲಿ ನಾಲ್ಕು ದೇಶದ ನಾಲ್ಕು ಸಿಪಾಯಿಗಳು ಗಸ್ತು ತಿರುಗುತ್ತಿದ್ದರು. 1955ರ ಮೇ 15ರಂದು ಈ ಕೋಣೆಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ವಿದೇಶಾಂಗ ಮಂತ್ರಿ ಲಿಯೋಪೋಲ್ಡ್ ಫಿಗ್ಲ್ "ಆಸ್ಟ್ರಿಯಾ ಸ್ವತಂತ್ರವಾಗಿದೆ" ಎಂದರು. ಆಮೇಲೆ ಬಾಲ್ಕನಿಯಿಂದ ಕೆಳಗಿನ ಜನರಿಗೆ ಪತ್ರ ಎತ್ತಿ ತೋರಿಸಿದರು. ಯಾರ ಪರವೂ ಸೇರುವುದಿಲ್ಲ ಎಂಬ ಕಾನೂನು ಅದೇ ವರ್ಷ ಅಕ್ಟೋಬರ್ 26ಕ್ಕೆ ಬಂತು. ಇಂದಿನ ರಾಷ್ಟ್ರೀಯ ಹಬ್ಬ ಆ ದಿನವೇ.

ಅಲ್ಲಿಂದ ಅದೇ ಡಿ ಟ್ರಾಮಿನಲ್ಲಿ ನುಸ್‌ಡೋರ್ಫ್ ಕಡೆಗೆ ಕುಳಿತುಕೊಳ್ಳಿ. ಕಿಟಕಿ ಪಕ್ಕದ ಸೀಟು ಹಿಡಿಯಿರಿ. ರಸ್ತೆ ಕೆಲಸವಿದ್ದರೆ ದಾರಿ ಬದಲಾಗಬಹುದು, ಆಗ ಯು4 ಮೆಟ್ರೋದಲ್ಲಿ ಹೈಲಿಗೆನ್‌ಶ್ಟಾಟ್‌ಗೆ ಹೋಗಿ. ನನಗೆ ಇಡೀ ಎರಡು ದಿನದಲ್ಲಿ ಬಹಳ ಇಷ್ಟವಾದದ್ದು ಈ ಟ್ರಾಮ್ ಪ್ರಯಾಣ. ಒಂದೇ ಟಿಕೆಟ್ಟಿನಲ್ಲಿ ಸೇನಾಪತಿಯ ಅರಮನೆಯಿಂದ ಕೂಲಿಕಾರರ ಮನೆಗಳವರೆಗೆ ಹೋಗುತ್ತದೆ. ನಡುವೆ ಒಪೆರಾ, ಸಂಸತ್ತು, ವಿಶ್ವವಿದ್ಯಾಲಯ ಎಲ್ಲ ಬರುತ್ತವೆ. ಚಕ್ರವರ್ತಿ ಫ್ರಾನ್ಸ್ ಯೋಸೆಫ್ 1848ರ ದಂಗೆಯ ಹೊತ್ತಿನಲ್ಲಿ 18 ವರ್ಷಕ್ಕೆ ಪಟ್ಟಕ್ಕೆ ಬಂದು 68 ವರ್ಷ ಆಳಿದ. 1857ರಲ್ಲಿ ಊರಿನ ಹಳೆಯ ಕೋಟೆಗೋಡೆ ಕೆಡವಿಸಿದ. ಆ ಜಾಗದಲ್ಲಿ ಬಂದದ್ದು ಈ ರಿಂಗ್ ರಸ್ತೆ.

ಇಲ್ಲಿ ಬಲಗಡೆಗೆ ಇಟ್ಟಿಗೆ ಬರೆಯಿರಿ. ಈ ಕಟ್ಟಡಗಳ ಇಟ್ಟಿಗೆ ಬಂದದ್ದು ಊರಿನ ದಕ್ಷಿಣದ ವೀನರ್‌ಬರ್ಗ್ ಗೂಡುಗಳಿಂದ. ಕೆಲಸಗಾರರು ಬೊಹೆಮಿಯಾ, ಮೊರಾವಿಯಾದ ಬಡವರು. ಅವರಿಗೆ ಕೂಲಿಯನ್ನು ನಗದಿನಲ್ಲಿ ಕೊಡದೆ ತಗಡಿನ ಬಿಲ್ಲೆ ಕೊಡುತ್ತಿದ್ದರು. ಅದು ಗೂಡಿನ ಒಳಗಿನ ದುಬಾರಿ ಅಂಗಡಿಯಲ್ಲಿ ಮಾತ್ರ ನಡೆಯುತ್ತಿತ್ತು. 1888ರಲ್ಲಿ ವಿಕ್ಟರ್ ಆಡ್ಲರ್ ಎಂಬ ಡಾಕ್ಟರು ವೇಷ ಮರೆಸಿಕೊಂಡು ಒಳಗೆ ಹೋಗಿ ನೋಡಿ ಪತ್ರಿಕೆಯಲ್ಲಿ ಬರೆದರು. ಆ ಜನರ ಮೊಮ್ಮಕ್ಕಳು ಇಂದಿನ ವಿಯೆನ್ನಾದವರು. ಯಾವುದೇ ಹಳೆಯ ಮನೆಯ ಬಾಗಿಲಲ್ಲಿ ಕರೆಗಂಟೆಯ ಪಟ್ಟಿ ಓದಿ. ನೋವಾಕ್, ಸ್ವೊಬೊಡಾ, ಪ್ರೊಹಾಸ್ಕಾ, ಹೊರ್ವಾತ್ ಸಿಗುತ್ತವೆ. ನನ್ನ ಮೊಮ್ಮಗನಿಗೆ ಇದು ಆಟವಾಗಿಬಿಟ್ಟಿದೆ. ಪ್ರತಿ ಬೀದಿಯಲ್ಲಿ ಎಣಿಸುತ್ತಾನೆ. ಊಟವೂ ಹಾಗೇ. ಗುಲಾಶ್ ಹಂಗೇರಿಯದು, ಹಲವು ಸಿಹಿ ಕಡುಬುಗಳು ಬೊಹೆಮಿಯಾದ ಅಡುಗೆಯವರ ಕೈಯವು. ಮಾತಿನ ಬಗ್ಗೆ ಈ ಜನಕ್ಕೆ ಪ್ರೀತಿ ಜಾಸ್ತಿ. 1995ರಲ್ಲಿ ಯುರೋಪಿಯನ್ ಒಕ್ಕೂಟ ಸೇರುವಾಗ ಆಲೂಗಡ್ಡೆ, ಟೊಮೆಟೊ, ಏಪ್ರಿಕಾಟ್ ಮುಂತಾದ 23 ಪದಾರ್ಥಗಳಿಗೆ ತಮ್ಮದೇ ಹೆಸರನ್ನು ಉಳಿಸಿಕೊಳ್ಳುವ ಹಕ್ಕು ಬರೆಸಿಕೊಂಡರು.

ಟ್ರಾಮ್ ಇಳಿದರೆ ಕಾರ್ಲ್ ಮಾರ್ಕ್ಸ್ ಹೋಫ್. ಒಂದು ಕಿಲೋಮೀಟರಿಗಿಂತ ಉದ್ದದ ಒಂದೇ ವಸತಿ ಕಟ್ಟಡ, 1930ರಲ್ಲಿ ತೆರೆದದ್ದು, 1,382 ಮನೆಗಳು. ಸಾಮ್ರಾಜ್ಯ ಹೋಗಿ ಗಣರಾಜ್ಯ ಬಂದದ್ದು 1918ರ ನವೆಂಬರ್ 12ರಂದು. ಬಡ ದೇಶ, ಹಸಿದ ಊರು. ಅಂಥ ಹೊತ್ತಿನಲ್ಲಿ ವಿಯೆನ್ನಾ ನಗರಸಭೆ ದೊಡ್ಡ ಮನೆ, ಐಷಾರಾಮಿ ಸಾಮಾನುಗಳ ಮೇಲೆ ತೆರಿಗೆ ಹಾಕಿ 60,000ಕ್ಕೂ ಹೆಚ್ಚು ಮನೆ ಕಟ್ಟಿತು. ಇಲ್ಲಿ ಬಟ್ಟೆ ಒಗೆಯುವ ಮನೆ, ಸ್ನಾನದ ಮನೆ, ಶಿಶುವಿಹಾರ, ಲೈಬ್ರರಿ, ಹಲ್ಲಿನ ಆಸ್ಪತ್ರೆ ಎಲ್ಲ ಇತ್ತು. 1934ರ ಫೆಬ್ರವರಿಯಲ್ಲಿ, ಸಮಾಜವಾದಿಗಳ ವಿರುದ್ಧದ ಅಂತರ್ಯುದ್ಧದಲ್ಲಿ, ದೇಶದ ಸರ್ಕಾರ ತನ್ನದೇ ಜನ ವಾಸವಿದ್ದ ಈ ಕಟ್ಟಡಕ್ಕೆ ತೋಪು ಹಾರಿಸಿತು. ಈಗಲೂ ಜನ ಬಾಡಿಗೆಗೆ ಇದ್ದಾರೆ. ಅಂಗಳದಲ್ಲಿ ಮೆಲ್ಲಗೆ ನಡೆಯಿರಿ, ಕಿಟಕಿಗಳ ಕಡೆ ಕ್ಯಾಮೆರಾ ಹಿಡಿಯಬೇಡಿ. ಹಳೆಯ ಬಟ್ಟೆ ಒಗೆಯುವ ಮನೆಯಲ್ಲಿ ಒಂದು ಸಣ್ಣ ಪ್ರದರ್ಶನವಿದೆ. ವಾರದಲ್ಲಿ ಕೆಲವೇ ದಿನ ತೆರೆದಿರುತ್ತದೆ, ಮುಂಚೆಯೇ ನೋಡಿಕೊಂಡು ಹೋಗಿ. ಶೋನ್‌ಬ್ರುನ್ ಅರಮನೆಯ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಒಂದೇ. ಇದನ್ನು ನೋಡಿದ ಮೇಲೆ ಮೂರನೆಯ ದಿನ ಹೋಗಿ, ಆಗ ಅದೂ ಅರ್ಥವಾಗುತ್ತದೆ.

ಸಂಜೆ ಡಿ ಟ್ರಾಮಿನಲ್ಲೇ ಹಿಂದಕ್ಕೆ ಬಂದು ಶಾಟೆನ್‌ಟೋರ್‌ನಲ್ಲಿ ಇಳಿಯಿರಿ. 43 ಅಥವಾ 44ನೇ ನಂಬರ್ ಟ್ರಾಮ್ ಹಿಡಿದು ಲಾಂಡೆಸ್‌ಗೆರಿಕ್ಟ್ಸ್‌ಸ್ಟ್ರಾಸ್ಸೆಗೆ ಬನ್ನಿ. ರಾಷ್ಟ್ರೀಯ ಬ್ಯಾಂಕಿನ ಮುಂದೆ ಒಂದು ಸಣ್ಣ ಪಾರ್ಕು ಇದೆ. ಅದರ ಹೆಸರು ಒಸ್ಟಾರಿಖಿ. ಹೌದು, ಆ 996ರ ದಾನಪತ್ರದ ಹೆಸರೇ. 2021ರಿಂದ ಇಲ್ಲಿ ಹುಲ್ಲಿನ ಸುತ್ತ ಎತ್ತರದ ಕಲ್ಲಿನ ಫಲಕಗಳು ನಿಂತಿವೆ. ಕೊಲೆಯಾದ 64,000ಕ್ಕೂ ಹೆಚ್ಚು ಆಸ್ಟ್ರಿಯನ್ ಯಹೂದಿಗಳ ಹೆಸರು ಅವುಗಳ ಮೇಲೆ ಕೆತ್ತಿದೆ. ನಿನ್ನೆ ನೋಡಿದ ಕಾಂಕ್ರೀಟಿನ ಪುಸ್ತಕಗಳ ಹೆಸರು ಓದಲಾಗುತ್ತಿರಲಿಲ್ಲ. ಇಲ್ಲಿ ಎಲ್ಲವನ್ನೂ ಓದಬಹುದು.

ಹೋದ ಮೇ ತಿಂಗಳಲ್ಲಿ ಮೊಮ್ಮಗ ಜೊತೆಗೆ ಬಂದಿದ್ದ. ಕರೆಗಂಟೆಯ ಆಟದ ಅಭ್ಯಾಸದಲ್ಲಿ ಹೆಸರು ಓದುತ್ತಾ ಹೋದ. ಒಂದು ಫಲಕದ ಮುಂದೆ ನಿಂತು, "ಅಜ್ಜಿ, ಈ ಹೆಸರು ನಮ್ಮ ಮೆಟ್ಟಿಲ ಹತ್ತಿರದ ಮನೆಯ ಬಾಗಿಲಲ್ಲೂ ಇದೆ" ಎಂದ. ನಾನು ನೋಟ್‌ಬುಕ್ ತೆಗೆದು ಅವನ ಕೈಗೆ ಕೊಟ್ಟೆ. ಎರಡೂ ಕಾಲಂ ಬಿಟ್ಟು, ಪುಟದ ಅಡ್ಡಗಲಕ್ಕೆ ದೊಡ್ಡ ಅಕ್ಷರದಲ್ಲಿ ಆ ಹೆಸರನ್ನು ಬರೆದ. ನೀವು ಹೋದಾಗಲೂ ಒಂದು ಪುಟ ಖಾಲಿ ಇಟ್ಟುಕೊಂಡು ಹೋಗಿ. ಒಂದು ಹೆಸರನ್ನು ಪೂರ್ತಿಯಾಗಿ ಬರೆದುಕೊಂಡು ಬನ್ನಿ.